ಆರ್ಲಿಸ್ ಮೇಸ್ತ್ರಿಯ ಕೆಂಪು ನೆಲ

ಮಾರ್ಚ್ 3

ಈ ಡೈರಿ ತಿಲಕಸಿರಿ ಕೊಟ್ಟದ್ದು. ರಟ್ಟಿನ ಮೇಲೆ ಅವನ ಟೈಲ್ಸ್ ಅಂಗಡಿಯ ಹೆಸರು, ಚಿನ್ನದ ಅಕ್ಷರದಲ್ಲಿ. ನನ್ನ ಕೈಕೆಳಗೆ ಸಿಮೆಂಟು ಕಲಸಿಕೊಂಡಿದ್ದವನು. ಕರಣೆ ಹಿಡಿಯೋದನ್ನ ಅವನಿಗೆ ನಾನು ಕಲಿಸಿದೆ. ಈಗ ಅವನು ಅಂಗಡಿ ಸಾಹುಕಾರ, ನಾನು ಅವನು ಪುಕ್ಕಟೆ ಹಂಚಿದ ಡೈರಿಯಲ್ಲಿ ಗೀಚುವವನು.

ಗೀಚುತ್ತಿರುವುದು ಇನೋಕಾಳ ಕಾಟಕ್ಕೆ. "ಅಪ್ಪಚ್ಚಿ, ಅಮ್ಮನ ತಲೆ ತಿನ್ನೋದು ಬಿಟ್ಟು ಇದ್ರಲ್ಲಿ ಬರ್ಕೊಳ್ಳಿ. ಪುಸ್ತಕ ತಿರುಗಿ ಮಾತಾಡಲ್ಲ" ಅಂದಳು. ನನ್ನ ಮಗಳು ಸ್ಕೂಲ್ ಟೀಚರು. ಗಂಡನನ್ನು ಬಿಟ್ಟು ಬಂದು ನಮ್ಮ ಜೊತೆ ಇದ್ದಾಳೆ. ಮನೆಯನ್ನೂ ತರಗತಿ ಅಂತಲೇ ತಿಳಿದುಕೊಂಡಿದ್ದಾಳೆ.

ತಲೆ ತಿನ್ನುವಂಥದ್ದು ನಾನೇನು ಕೇಳಿದೆ? ನೆಲಕ್ಕೆ ಪಾಲಿಶ್ ಹಾಕಿ ಎಷ್ಟು ಕಾಲ ಆಯ್ತು ಅಂತ ರೋಸಲಿನ್‌ಳನ್ನು ಕೇಳಿದೆ. ಹೆಂಡತಿಯನ್ನು ಅಷ್ಟೂ ಕೇಳಬಾರದಾ? ಡಿಸೆಂಬರಿನಿಂದ ಈಚೆಗೆ ಅವಳು ಪಾಲಿಶ್ ಡಬ್ಬ ಮುಟ್ಟಿಲ್ಲ. ಮುಂಚೆ ಪ್ರತಿ ಹುಣ್ಣಿಮೆಯ ಹಿಂದಿನ ದಿನ ತೆಂಗಿನ ಸಿಪ್ಪೆಯ ಹೋಳಿನ ಮೇಲೆ ಒಂದು ಕಾಲಿಟ್ಟು, ಸೊಂಟಕ್ಕೆ ಕೈ ಕೊಟ್ಟು, ಹಜಾರದ ಈ ತುದಿಯಿಂದ ಆ ತುದಿಗೆ ಉಜ್ಜುತ್ತಿದ್ದಳು. ಈಗ ಕೇಳಿದರೆ ಮಂಡಿ ನೋವಂತೆ. ಇಲ್ಲದಿದ್ದರೆ ನೆಲ ಜಾರುತ್ತಂತೆ.

"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ" ಅಂದೆ.

ಅವಳು ಬೇಳೆ ತೊಳೆಯೋಕೆ ಹೋದಳು. ನಾನು ಹಾಕಿದ ನೆಲ ಅದು. ಮದುವೆಯಾದ ವರ್ಷ, ಅವಳಿಗಾಗಿಯೇ ಹಾಕಿದ್ದು. ಈ ವೆಲಿಗಾಮದಲ್ಲಿ ಯಾಕೆ, ಇಡೀ ಲಂಕೆಯಲ್ಲೇ ಅಂಥ ಕೆಂಪು ನೆಲ ಇನ್ನೊಂದಿಲ್ಲ.

ಮಾರ್ಚ್ 6

ನಡುಮನೆಯಿಂದ ಬಚ್ಚಲಿನವರೆಗೆ ಗೋಡೆಯುದ್ದಕ್ಕೂ ಕುರ್ಚಿಗಳನ್ನು ಸಾಲಾಗಿ ಇಟ್ಟಿದ್ದಾಳೆ, ಸಾವಿನ ಮನೆಯಲ್ಲಿ ಬಂದವರಿಗೆ ಹಾಕಿದ ಹಾಗೆ. ಯಾರು ಸತ್ತರು ಅಂತ ಕೇಳಿದೆ. "ಜಾಗ ಇರ್ಲಿಲ್ಲ, ಅದಕ್ಕೆ ಅಲ್ಲಿಟ್ಟೆ" ಅಂದಳು. ಇಷ್ಟು ವರ್ಷ ಇದ್ದ ಜಾಗ ಈಗ ಎಲ್ಲಿಗೆ ಹೋಯ್ತು?

ಬಚ್ಚಲ ಬಾಗಿಲಿಗೆ ಗೋಣಿಚೀಲ ಬೇರೆ ಹಾಸಿದ್ದಾಳೆ. ಅದರ ಅಂಚು ಎದ್ದು ನಿಂತಿದೆ, ಕಾಲಿಗೆ ಸಿಕ್ಕುತ್ತೆ. ಇವತ್ತು ಟೀ ಲೋಟ ಹಿಡಿದುಕೊಂಡು ಹೋಗುವಾಗ ಸಿಕ್ಕಿತು. ಟೀಯೆಲ್ಲ ಗೋಡೆ ಪಾಲು. ಕುರ್ಚಿ ಸಿಕ್ಕಿತು, ಹಿಡಿದುಕೊಂಡೆ. ಇಲ್ಲದಿದ್ದರೂ ಏನೂ ಆಗುತ್ತಿರಲಿಲ್ಲ.

ಗೋಣಿಚೀಲ ಎತ್ತಿ ಅಂಗಳಕ್ಕೆ ಎಸೆದೆ. ಒಳ್ಳೆ ನೆಲದ ಮೇಲೆ ಗೋಣಿ ಹಾಸೋದು ಅಂದರೆ ಮದುವಣಗಿತ್ತಿಯ ಮುಖಕ್ಕೆ ಮಸಿ ಬಳಿದ ಹಾಗೆ.

ಮಾರ್ಚ್ 7

ಬೆಳಿಗ್ಗೆ ಹಜಾರದಲ್ಲಿ ನೀರು ಚೆಲ್ಲಿದ್ದಾಳೆ ಅಂತ ರೋಸಲಿನ್‌ಗೆ ಬೈದೆ. ಅವಳು ಬಗ್ಗಿ ಕೈಯಿಂದ ನೆಲ ಸವರಿ ಕೈ ತೋರಿಸಿದಳು. ಒಣಗಿತ್ತು. ಬಾಗಿಲಿಂದ ಬಿದ್ದ ಬಿಸಿಲು ಅಷ್ಟೇ.

ಮಧ್ಯಾಹ್ನ ನೀರು ನಿಜವಾಗಿಯೂ ಇತ್ತು, ನಾನು ಬಿಸಿಲು ಅಂದುಕೊಂಡೆ. ಪಂಚೆ ಒದ್ದೆ. ಬೇರೇನಿಲ್ಲ.

ಮಾರ್ಚ್ 12

ರೋಸಲಿನ್‌ಗೆ ಬಿ.ಪಿ. ನೋಡಿಸಬೇಕು, ಜೊತೆಗೆ ಬನ್ನಿ ಅಂತ ಇನೋಕಾ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಮೋಸ. ಅಲ್ಲಿ ಹೋದ ಮೇಲೆ ಗೊತ್ತಾಯ್ತು, ಇಬ್ಬರ ಹೆಸರನ್ನೂ ಬರೆಸಿದ್ದಾಳೆ.

ನರ್ಸು ಅಂದರೆ ಮೊನ್ನೆ ಮೊನ್ನೆ ಸ್ಕೂಲಿನ ಜಡೆ ಬಿಚ್ಚಿದ ಹುಡುಗಿ. ನನ್ನನ್ನು ಸೀಯಾ ಅಂತಾಳೆ. ನಾನೇನು ಅವಳಜ್ಜನಾ? "ಸೀಯಾ, ಕೈ ಊರದೆ ಕುರ್ಚಿಯಿಂದ ಏಳಿ. ಆ ಕಂಬದ ತನಕ ನಡೆದು, ತಿರುಗಿ ಬಂದು ಕೂತ್ಕೊಳ್ಳಿ." ಸರ್ಕಸ್ಸು. ರೋಸಲಿನ್ ಮೊದಲು ಹೋದಳು. ಮಂಡಿ ನೋವಿನವಳು ಸರಾಗ ಹೋಗಿ ಬಂದಳು. ನಾನೂ ಹೋದೆ. ತಿರುಗುವ ಕಡೆ ಅವರ ಟೈಲ್ಸ್ ಸರಿಯಿಲ್ಲ, ಸಂದು ಮೇಲೆ ಕೆಳಗೆ ಇದೆ, ಕಂಬ ಹಿಡಿಯಬೇಕಾಯ್ತು. ಹಾಕಿದವನು ಯಾರೋ ಅಡ್ಡಕಸುಬಿ. ನರ್ಸಿಗೆ ಅದನ್ನೇ ಹೇಳಿದೆ. ಅವಳು ಬರೆದುಕೊಂಡಿದ್ದು ಬೇರೆ ಏನನ್ನೋ.

ಆಮೇಲೆ ನನ್ನ ಕಣ್ಣು ಮುಚ್ಚಿಸಿ ಅಂಗಾಲಿಗೆ ಏನೋ ಎಳೆ ಮುಟ್ಟಿಸುತ್ತೇನೆ, ಮುಟ್ಟಿದಾಗ ಹೇಳಿ ಅಂದಳು. ಮುಟ್ಟಿದೆ, ಮುಟ್ಟಿದೆ, ಮುಟ್ಟಿದೆ ಅಂತ ಹೇಳುತ್ತಾ ಹೋದೆ. ಕಣ್ಣು ಬಿಟ್ಟಾಗ ಅವಳ ಕೈ ಅವಳ ಮಡಿಲಲ್ಲೇ ಇತ್ತು. ಇನೋಕಾ ಕಿಟಕಿ ನೋಡುತ್ತಿದ್ದಳು. ರೋಸಲಿನ್ ನನ್ನ ಪಾದ ನೋಡುತ್ತಿದ್ದಳು.

"ವಯಸ್ಸಾದ ಮೇಲೆ ಅಂಗಾಲಿಗೆ ನೆಲದ ಸುದ್ದಿ ತಡವಾಗಿ ಮುಟ್ಟುತ್ತೆ ಸೀಯಾ" ಅಂದಳು ಆ ಹುಡುಗಿ. "ಪಾದ ಎತ್ತಿ ಇಡ್ತಿಲ್ಲ ನೀವು, ಎಳೀತೀರ. ನುಣ್ಣನೆ ನೆಲ ಜಾರಿಸುತ್ತೆ, ಚಾಪೆ ಅಂಚು ಮುಗ್ಗರಿಸುತ್ತೆ. ಮನೇಲಿ ಎಂಥ ನೆಲ?"

"ನನ್ನ ನೆಲ" ಅಂದೆ.

ಜೀವಮಾನವೆಲ್ಲ ಅಂಗಾಲಿನಿಂದಲೇ ನೆಲ ಪರೀಕ್ಷೆ ಮಾಡಿದವನು ನಾನು. ಬರಿಗಾಲಲ್ಲಿ ನಡೆದರೆ ಸಾಕು, ಎಲ್ಲಿ ಕೂದಲೆಳೆ ಏರಿದೆ, ಎಲ್ಲಿ ತಗ್ಗಿದೆ ಅಂತ ಹೇಳುತ್ತಿದ್ದೆ. ಇವಳು ನನಗೆ ನೆಲದ ಪಾಠ ಹೇಳಬೇಕಾ? ಮೈಯೆಲ್ಲ ಉರಿದು ಹೋಯ್ತು.

ಮಾರ್ಚ್ 13

ಊಟ ಸೇರಲಿಲ್ಲ.

ಮಾರ್ಚ್ 21

ತಿಲಕಸಿರಿ ಬಂದಿದ್ದ. ಕಾರಿನಿಂದ ಇಳಿದು, ಬೂಟು ಬಿಚ್ಚಿ, ಹಜಾರದ ಮಧ್ಯೆ ನಿಂತು ಕೆಳಗೆ ನೋಡಿದ. ನನಗೆ ಗೊತ್ತು ಏನು ನೋಡಿದ ಅಂತ. ಪಾಲಿಶ್ ಇಲ್ಲದ ನೆಲ, ಮಂಕು ಹಿಡಿದ ನೆಲ.

"ಬಾಸುನ್ನೆಹೇ" ಅಂತ ಶುರು ಮಾಡಿದ. ಊರಲ್ಲಿ ಮೇಸ್ತ್ರಿಯನ್ನು ಕರೆಯೋದೇ ಹಾಗೆ. ಆದರೆ ಅವನ ಬಾಯಲ್ಲಿ ಬಂದರೆ ಅದು ಬೆನ್ನು ತಟ್ಟಿದ ಹಾಗಿರುತ್ತೆ. "ಈಗ ಒರಟು ಮೈಯಿನ ಟೈಲ್ಸ್ ಬಂದಿದೆ. ಜಾರಲ್ಲ. ನನ್ನ ಗುರುಗಳ ಮನೆ, ಕೂಲಿ ಬೇಡ, ನಾನೇ ಬಂದು ಹಾಕಿಕೊಡ್ತೀನಿ."

"ನಿನ್ನ ಟೈಲ್ಸನ್ನ ನಿನ್ನ ಕೋಳಿಗೂಡಿಗೆ ಹಾಕು" ಅಂದೆ.

ನಕ್ಕ. ಬೈದರೂ ನಗುತ್ತಾನೆ, ಕಾಸು ಮಾಡಿದವನ ನಗು. ಆಮೇಲೆ ಟೀ ಕುಡಿಯುತ್ತಾ ಮೆಲ್ಲಗೆ ಇನ್ನೊಂದು ಮಾತು ಬಿಟ್ಟ. ಈ ಸಲ ಏಪ್ರಿಲ್‌ನ ಹೊಸವರ್ಷಕ್ಕೆ ತಲೆಗೆ ಎಣ್ಣೆ ಹಚ್ಚೋ ಶಾಸ್ತ್ರಾನ ಓಣಿಯವರೆಲ್ಲ ವಿಹಾರದಲ್ಲೇ ಮಾಡಿಸಿಕೊಂಡರೆ ಹೇಗೆ, ಭಿಕ್ಷುಗಳೇ ಹಚ್ಚುತ್ತಾರೆ, ಬಾಸುನ್ನೆಹೆಗೂ ನಿಂತು ನಿಂತು ಆಯಾಸ ಅಂತ.

ಓಣಿಗೆ ಹಿರಿಯ ನಾನು. ಮುಂಚೆ ನಮ್ಮಪ್ಪ ಹಚ್ಚುತ್ತಿದ್ದ, ಆಮೇಲೆ ನಾನು. ಎಷ್ಟೋ ಮಕ್ಕಳ ನೆತ್ತಿ ನನ್ನ ಕೈ ಕೆಳಗೇ ಬೆಳ್ಳಗಾಗಿದೆ. ಇನೋಕಾ ಮುಖ ನೋಡಿದೆ. ಅವಳು ಬಿಸ್ಕತ್ತಿನ ತಟ್ಟೆ ಸರಿಪಡಿಸುತ್ತಿದ್ದಳು. ಓಹೋ, ಇದು ಇವಳದೇ ಕಿತಾಪತಿ.

"ಈ ಹಜಾರದಲ್ಲೇ, ಈ ನೆಲದ ಮೇಲೇ, ನಾನೇ ಹಚ್ತೀನಿ" ಅಂದೆ. "ಬರೋರು ಬರ್ಲಿ. ಬರದೋರು ಹಾಳಾಗಿ ಹೋಗ್ಲಿ."

ಮಾರ್ಚ್ 29

ಬಚ್ಚಲ ದಾರಿಯಲ್ಲಿ ಕೂತೆ. ಬಿದ್ದೆ ಅಂತ ಇನೋಕಾ ಹೇಳುತ್ತಾಳೆ. ಬಿದ್ದಿಲ್ಲ, ಕೂತೆ. ಬೀಳುವುದಕ್ಕೂ ಕೂರುವುದಕ್ಕೂ ವ್ಯತ್ಯಾಸ ಇದೆ. ಏಳೋದು ಸ್ವಲ್ಪ ತಡವಾಯ್ತು, ಅಷ್ಟೇ. ತೊಡೆಯ ಹಿಂದೆ ನೇರಳೆ ಬಣ್ಣಕ್ಕೆ ಕಂದಿದೆ. ರೋಸಲಿನ್ ಎಣ್ಣೆ ಬಿಸಿ ಮಾಡಿ ತಿಕ್ಕಿದಳು. ಮುದುಕರ ಮೈಗೆ ತಿಕ್ಕುವ ಹಾಗೆ ಹಗುರವಾಗಿ. ಗಟ್ಟಿಯಾಗಿ ತಿಕ್ಕು ಅಂದೆ. ತಿಕ್ಕಲಿಲ್ಲ.

ಒಂದು ಊರುಗೋಲು ತಂದಿಟ್ಟಿದ್ದಾಳೆ ಇನೋಕಾ. ಅದು ಬಾಗಿಲ ಹಿಂದೆ ಇದೆ, ಅಲ್ಲೇ ಇರಲಿ. ನಾನು ಛತ್ರಿ ಹಿಡಿದು ಓಡಾಡುತ್ತೇನೆ, ಮನೆಯೊಳಗೂ. ಮೋಡ ಕವಿದಿದೆ, ಯಾವಾಗ ಹೊರಗೆ ಹೋಗಬೇಕಾಗುತ್ತೋ.

ಏಪ್ರಿಲ್ 8

ಇವತ್ತು ತಾಯಿ ಮಗಳು ಹಬ್ಬದ ಬಟ್ಟೆಗೆ ಮಾತರಕ್ಕೆ ಹೋದರು. ಅಪ್ಪಚ್ಚಿ ಹುಷಾರು, ಅಪ್ಪಚ್ಚಿ ಬಚ್ಚಲಿಗೆ ಹೋದರೆ ಗೋಡೆ ಹಿಡಿದುಕೊಳ್ಳಿ, ಅಪ್ಪಚ್ಚಿ ಅದು, ಅಪ್ಪಚ್ಚಿ ಇದು. ಬಸ್ಸು ಹೋಗೋ ತನಕ ಕಾದೆ.

ಪಾಲಿಶ್ ಡಬ್ಬ ಎಲ್ಲಿ ಅಡಗಿಸಿದ್ದಾಳೆ ಅಂತ ಹುಡುಕೋದೇ ದೊಡ್ಡ ಕೆಲಸ. ಕೊನೆಗೆ ಅಕ್ಕಿ ಡಬ್ಬದ ತಳದಲ್ಲಿ ಸಿಕ್ಕಿತು. ಕಳ್ಳರಿಂದ ಒಡವೆ ಬಚ್ಚಿಡ್ತಾರೆ, ಇವಳು ಗಂಡನಿಂದ ಪಾಲಿಶ್ ಬಚ್ಚಿಟ್ಟಿದ್ದಾಳೆ!

ಸಿಪ್ಪೆಯ ಹೋಳಿನ ಮೇಲೆ ಕಾಲಿಟ್ಟು ನೋಡಿದೆ. ಸರಿಬರಲಿಲ್ಲ. ನೆಲದ ಮೇಲೆ ಕೂತೇ ಉಜ್ಜಿದೆ. ಕೂತು ಕೂತೇ ಜರುಗುತ್ತಾ, ಕೆಂಪು ಮೇಣ ಸವರಿ, ಬಟ್ಟೆಯಿಂದ ತಿಕ್ಕಿ, ಸಿಪ್ಪೆಯಿಂದ ಉಜ್ಜಿ. ಬೆವರು ಬಳಬಳ ಹರಿಯಿತು. ಎಷ್ಟು ದಿನದ ಮೇಲೆ ಮೈಗೆ ಕೆಲಸದ ವಾಸನೆ ಬಂತು! ನೆಲ ಎದ್ದು ಬಂತು. ಕಿಟಕಿಯ ಸರಳು, ಹೊರಗಿನ ಪಪಾಯಿ ಗಿಡ, ಎಲ್ಲ ಅದರೊಳಗೆ ಕಾಣುತ್ತಿತ್ತು. ನನ್ನ ಮುಖವೂ ಕಂಡಿತು. ಅದೊಂದು ಕಾಣದಿದ್ದರೂ ಆಗುತ್ತಿತ್ತು.

ಸಂಜೆ ಅವರು ಬಂದರು. ಇನೋಕಾ ಹೊಸಿಲಲ್ಲೇ ನಿಂತು "ಅಯ್ಯೋ ಅಪ್ಪಚ್ಚಿ!" ಅಂತ ಕಿರುಚಿದಳು. ರೋಸಲಿನ್ ಕೈಚೀಲ ಕೆಳಗಿಟ್ಟು, ಚಪ್ಪಲಿ ಬಿಚ್ಚಿ, ಒಳಗೆ ಬಂದು ನಿಂತಳು. ಮೆಚ್ಚುತ್ತಾಳೆ ಅಂದುಕೊಂಡೆ.

"ನಿಮಗೆ ಯಾರ ಮೇಲೆ ಇಷ್ಟು ಹಗೆ?" ಅಂದಳು.

ಏಪ್ರಿಲ್ 9

ಬೆಳಿಗ್ಗೆ ಎದ್ದು ನೋಡಿದರೆ ಇವಳು ಮಂಡಿಯೂರಿ ಸೋಪಿನ ಪುಡಿ ಹಾಕಿ ನೆಲ ತಿಕ್ಕುತ್ತಿದ್ದಾಳೆ! ಪಾಲಿಶ್ ತೆಗೀತಾಳಂತೆ. ಮಂಡಿ ನೋವು ಈಗೆಲ್ಲಿ ಹೋಯ್ತು? ಬಕೆಟ್ಟಿಗೆ ಒದ್ದೆ. ಒದೆ ಸರಿಯಾಗಿ ಬೀಳಲಿಲ್ಲ, ಆದರೂ ಅರ್ಥವಾಯ್ತು ಅವಳಿಗೆ. ಎದ್ದು ಹೋದಳು. ನನ್ನ ಮೇಣ ಸೋಪಿಗೆಲ್ಲ ಬಗ್ಗಲ್ಲ, ಸೀಮೆಎಣ್ಣೆ ಬೇಕು.

ಏಪ್ರಿಲ್ 14

ಹೊಸವರ್ಷ. ಮುಹೂರ್ತಕ್ಕೆ ಸರಿಯಾಗಿ ರೋಸಲಿನ್ ಒಲೆ ಹಚ್ಚಿದಳು, ಹಾಲು ಉಕ್ಕಿತು. ಹಾಲನ್ನ, ಎಣ್ಣೆಯ ಕಜ್ಜಾಯ, ಬಾಳೆಹಣ್ಣು. ಮೊದಲ ತುತ್ತನ್ನು ನಾನು ಎಲ್ಲರ ಬಾಯಿಗೂ ಇಟ್ಟೆ. ಓಣಿಯಿಂದ ಜನ ವೀಳ್ಯದೆಲೆ ಹಿಡಿದು ಬಂದರು, ನೆಲಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಿದರು. ಎದ್ದು ಕೂತವರ ಹಣೆಯಲ್ಲಿ ಕೆಂಪು ಹತ್ತಿತ್ತು. ಎಲ್ಲ ನಕ್ಕರು. "ಏನು ಹೊಳಪು ಬಾಸುನ್ನೆಹೇ!" ಅಂದರು. ರೋಸಲಿನ್‌ಗೆ ಕೇಳಲಿ ಅಂತ ಇನ್ನೊಮ್ಮೆ ಹೇಳಿಸಿದೆ.

ಏಪ್ರಿಲ್ 17

ರೋಸಲಿನ್ ಗಾಲೆಯ ದೊಡ್ಡಾಸ್ಪತ್ರೆಯಲ್ಲಿದ್ದಾಳೆ. ಸೊಂಟದ ಮೂಳೆ.

ಏಪ್ರಿಲ್ 19

ಬರೆಯಬಾರದು ಅಂದುಕೊಂಡಿದ್ದೆ. ಮನೆಯಲ್ಲಿ ಬೈಯೋಕೆ ಯಾರೂ ಇಲ್ಲ. ಇನೋಕಾ ಆಸ್ಪತ್ರೆಯಲ್ಲೇ ಇರುತ್ತಾಳೆ, ಬಟ್ಟೆ ಬದಲಿಸೋಕೆ ಬರುತ್ತಾಳೆ, ನನ್ನನ್ನು ದಾಟಿಕೊಂಡು ಹೋಗುತ್ತಾಳೆ.

ಎಣ್ಣೆ ಶಾಸ್ತ್ರದ ದಿನ ಅಂಗಳದಲ್ಲಿ ಮಾಡೋಣ ಅಂತ ಇನೋಕಾ ಹೇಳಿದ್ದು ನಿಜ. ಅಂಗಳದಲ್ಲಿ ಮರಳಿದೆ, ಗುಡಿಸಿದ್ದೇನೆ, ಪೀಠ ಅಲ್ಲೇ ಹಾಕ್ತೀನಿ ಅಂದಳು. ನಾನು ಬೇಡ ಅಂದೆ. ಹಜಾರದಲ್ಲೇ ಆಗಬೇಕು ಅಂದೆ. ಪಂಚಾಂಗದಲ್ಲಿ ಈ ವರ್ಷ ತಲೆಯ ಮೇಲಕ್ಕೆ ಹೊಂಗೆ ಸೊಪ್ಪು, ಪಾದದ ಕೆಳಗೆ ಬೇವಿನ ಸೊಪ್ಪು ಅಂತ ಇತ್ತು. ಹಾಗೇ ಮಾಡಿದೆವು. ಜಂತಿಗೆ ಹೊಂಗೆ ಕಟ್ಟಿ, ಪೀಠದ ಮುಂದೆ ನೆಲಕ್ಕೆ ಬೇವು ಹರಡಿದೆವು. ಒಬ್ಬೊಬ್ಬರಾಗಿ ಬಂದು ಪೀಠದ ಮೇಲೆ ಕೂತು ಬೇವಿನ ಮೇಲೆ ಕಾಲಿಟ್ಟರು. ನಾನು ಗರಿಕೆಯನ್ನು ಎಣ್ಣೆಯಲ್ಲದ್ದಿ ನೆತ್ತಿಗೆ ಹಚ್ಚಿ ನೂರು ವರ್ಷ ಬಾಳು ಅಂತ ಹರಸಿದೆ. ಎಣ್ಣೆ ಒಂದಿಷ್ಟು ನೆಲಕ್ಕೆ ತೊಟ್ಟಿಕ್ಕಿತು. ಯಾವ ವರ್ಷ ತೊಟ್ಟಿಕ್ಕಲ್ಲ? ಬಂದವರೆಲ್ಲ ಆ ಸೊಪ್ಪನ್ನು ತುಳಿದೂ ತುಳಿದೂ ಎಲೆ ಹಜಾರವೆಲ್ಲ ಹರಡಿತು.

ಎಲ್ಲರೂ ಆದರು. ತಿಲಕಸಿರಿಯೂ ಆದ, ಅವನ ಹೆಂಡತಿಯೂ. ಕೊನೆಗೆ ರೋಸಲಿನ್ ಕೂತಳು. ನೆತ್ತಿಗೆ ಹಚ್ಚಿದೆ. ಕೂದಲು ಇಷ್ಟೊಂದು ತೆಳ್ಳಗಾಗಿದ್ದು ನನಗೆ ಗೊತ್ತಿರಲಿಲ್ಲ. ಇನ್ನೊಂದು ಪಕ್ಕಕ್ಕೆ ಹೋಗೋಣ ಅಂತ ಕಾಲೆತ್ತಿದೆ. ಕೆಳಗೆ ಏನಿತ್ತೋ, ಎಲೆಯೋ ಎಣ್ಣೆಯೋ, ಕಾಲಿಗೆ ಗೊತ್ತೇ ಆಗಲಿಲ್ಲ. ಕಾಲು ಮುಂದೆ ಹೋಯ್ತು, ನಾನು ಹಿಂದೆ ಹೋದೆ.

ಅವಳು ಎದ್ದಳು. ಕೂತವಳು ಕೂತೇ ಇರಬಾರದಾಗಿತ್ತಾ? ಕೂತಿದ್ದರೆ ನಾನು ಬೀಳುತ್ತಿದ್ದೆ, ನನ್ನ ಪಾಡಿಗೆ ನಾನು. ಎದ್ದು ಎರಡೂ ಕೈಯಲ್ಲಿ ನನ್ನನ್ನು ತಬ್ಬಿ ಹಿಡಿದಳು. ಅವಳ ಕಾಲ ಕೆಳಗೂ ಅದೇ ನೆಲ ತಾನೆ. ಅವಳು ಕೆಳಗೆ, ನಾನು ಅವಳ ಮೇಲೆ. ಒಣಗಿದ ತೆಂಗಿನ ಮಟ್ಟೆ ಮುರಿದ ಹಾಗೆ ಸದ್ದಾಯ್ತು.

ನನಗೆ ಒಂದು ತರಚು ಗಾಯವೂ ಇಲ್ಲ. ಮೈಯೆಲ್ಲ ಹುಡುಕಿದೆ. ಇಲ್ಲ.

ಬೇವಿನ ಸೊಪ್ಪು ಅಂತ ಬರೆದ ಆ ಜ್ಯೋತಿಷಿಯ ಮನೆ ಹಾಳಾಗ.

ಏಪ್ರಿಲ್ 20

ನೆಲ ಇನ್ನೂ ಹೊಳೆಯುತ್ತಿದೆ. ಒರೆಸಿದರೂ ಹೋಗುತ್ತಿಲ್ಲ.

ಏಪ್ರಿಲ್ 23

ಆಪರೇಷನ್ ಆಯ್ತು. ಮೂಳೆಗೆ ಲೋಹ ಹಾಕಿದ್ದಾರೆ. ತಿಲಕಸಿರಿ ಕಾರಿನಲ್ಲಿ ನನ್ನನ್ನು ಗಾಲೆಗೆ ಕರೆದುಕೊಂಡು ಹೋದ. ವಾರ್ಡಿನಲ್ಲಿ ನಡೆಯುವಾಗ ತೋಳು ಹಿಡಿದುಕೊಂಡ, ನಾನು ಕೊಡವಲಿಲ್ಲ. ಜನ ಇದ್ದರು.

ರೋಸಲಿನ್ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಕರೆದೆ. ತಿರುಗಲಿಲ್ಲ. ಕಿತ್ತಲೆ ಸುಲಿದು ಕೊಟ್ಟೆ, ಇನೋಕಾ ಕೈಯಿಂದ ಇಸಿದುಕೊಂಡು ತಿಂದಳು. ಅಂದರೆ ನಿದ್ದೆ ಇರಲಿಲ್ಲ.

ವರಾಂಡದಲ್ಲಿ ಇನೋಕಾ ಹಿಡಿದು ನಿಲ್ಲಿಸಿದಳು.

"ಅಮ್ಮ ಪಾಲಿಶ್ ನಿಲ್ಸಿದ್ದು ಯಾಕೆ ಅಂತ ಗೊತ್ತಾ ನಿಮಗೆ?"

"ಮಂಡಿ ನೋವು ಅಂದ್ಲು."

"ಯಾರ ಮಂಡಿ? ಡಿಸೆಂಬರ್‌ನಲ್ಲಿ ಬಚ್ಚಲ ಬಾಗಿಲಲ್ಲಿ ಬಿದ್ರಲ್ಲ ನೀವು, ಅವತ್ತಿಂದ ನಿಲ್ಸಿದ್ದು. ಕುರ್ಚಿ ಸಾಲು ಇಟ್ಟಿದ್ದು ಯಾರಿಗೆ? ಗೋಣಿ ಹಾಕಿದ್ದು ಯಾರಿಗೆ? ಅವರಿಗೆ ಅಂತ ಹೇಳಿದ್ರೆ ಕಿತ್ತು ಬಿಸಾಕ್ತಾರೆ, ನನಗೇ ಅಂದ್ಕೊಳ್ಲಿ, ಬೈದ್ರೆ ನಾನು ಬೈಸಿಕೊಳ್ತೀನಿ ಅಂದ್ಲು ಅಮ್ಮ. ಬೈಸ್ಕೊಂಡ್ಳು. ಈಗ ಮೂಳೇನೂ ಮುರ್ಕೊಂಡ್ಳು."

"ಡಿಸೆಂಬರ್‌ನಲ್ಲಿ ನಾನು ಬಿದ್ದಿರ್ಲಿಲ್ಲ" ಅಂದೆ. "ಕೂತಿದ್ದೆ."

ಇನೋಕಾ ನನ್ನನ್ನು ಹೇಗೆ ನೋಡಿದಳು ಅಂದರೆ, ಸ್ಕೂಲಿನಲ್ಲಿ ಯಾವ ಮಗುವನ್ನೂ ಹಾಗೆ ನೋಡುತ್ತಿರಲಿಕ್ಕಿಲ್ಲ. ನಿದ್ದೆಗೆಟ್ಟಿದ್ದಾಳೆ, ಪಾಪ. ಏನೋ ಮಾತಾಡುತ್ತಾಳೆ.

ಏಪ್ರಿಲ್ 24

ಕುರ್ಚಿಗಳನ್ನು ಎಣ್ಣೆ ಶಾಸ್ತ್ರಕ್ಕೆ ಜಾಗ ಬೇಕು ಅಂತ ನಾನೇ ಹೊರಗೆ ಹಾಕಿಸಿದ್ದೆ. ಇವತ್ತು ಮತ್ತೆ ಒಳಗೆ ತಂದು ಗೋಡೆಗೆ ಸಾಲಾಗಿಟ್ಟೆ. ಹೊರಗಿದ್ದರೆ ಮಳೆಗೆ ಹಾಳಾಗುತ್ತವೆ.

ಏಪ್ರಿಲ್ 27

ಮೇ ಎರಡನೇ ವಾರ ಮನೆಗೆ ಬಿಡುತ್ತಾರಂತೆ. ವಾಕರ್ ಹಿಡಿದು ನಡೆಯಬೇಕಂತೆ. ನೆಲ ಜಾರಬಾರದು, ಏರುಪೇರು ಇರಬಾರದು, ಚಾಪೆ ಕೂಡದು, ಇನ್ನೊಮ್ಮೆ ಬಿದ್ದರೆ ಎದ್ದು ನಡೆಯೋ ಮಾತಿಲ್ಲ ಅಂತ ಡಾಕ್ಟರು ಅಂದರಂತೆ. ಇಲ್ಲೇ ಹತ್ತಿರ ಯಾವುದಾದರೂ ಬಾಡಿಗೆ ಮನೆ ನೋಡ್ತೀನಿ, ಅಮ್ಮನನ್ನು ಈ ನೆಲದ ಮೇಲೆ ಕಾಲಿಡೋಕೆ ಬಿಡಲ್ಲ ಅಂತ ಇನೋಕಾ ಫೋನಿನಲ್ಲಿ ಹೇಳಿ ಇಟ್ಟುಬಿಟ್ಟಳು.

ಅಟ್ಟದ ಕೆಳಗಿನ ಪೆಟ್ಟಿಗೆಯಿಂದ ಉಳಿ ಸುತ್ತಿಗೆ ತೆಗೆದೆ. ತುಕ್ಕು ಹಿಡಿದಿತ್ತು, ಕಲ್ಲಿಗೆ ಮಸೆದೆ. ರೋಸಲಿನ್‌ಳ ಮಂಚದ ಪಕ್ಕ ಕೂತು ಉಳಿ ಇಟ್ಟೆ. ಮದುವೆಯಾದ ವರ್ಷ, ಈ ನೆಲ ಗಟ್ಟಿಯಾಗಲಿ ಅಂತ ನೀರು ಕಟ್ಟಿ ನಿಲ್ಲಿಸಿದ್ದ ದಿನಗಳಲ್ಲಿ, ಇವಳು ಹೊಸಿಲ ಮೇಲೆ ಕೂತು ಕಾಲು ಇಳಿಬಿಟ್ಟುಕೊಂಡು, "ಇನ್ನು ಯಾವಾಗ ಒಳಗೆ ಬರೋದು?" ಅಂತ ಕೇಳುತ್ತಿದ್ದಳು. ಬಾ ಅಂದಾಗ ಬರಿಗಾಲಲ್ಲಿ ಓಡಿ ಬಂದಿದ್ದಳು.

ಮೊದಲ ಏಟು ಜಾರಿತು. ಒಳ್ಳೆ ಕೆಲಸ, ಅಷ್ಟು ಸುಲಭಕ್ಕೆ ಒಡೆಯಲ್ಲ. ಎರಡನೇದಕ್ಕೆ ಚಕ್ಕೆ ಎದ್ದಿತು.

ಏಪ್ರಿಲ್ 30

ಸದ್ದು ಕೇಳಿ ಓಣಿಯವರು ಬಂದು ಇಣುಕಿದರು. ಮುದುಕನಿಗೆ ತಲೆ ಕೆಟ್ಟಿದೆ ಅಂತ ಮಾತಾಡಿಕೊಂಡರು, ಮೆಲ್ಲಗಲ್ಲ. ಕೆಡಲಿ. ಮಂಚದಿಂದ ಬಾಗಿಲಿನವರೆಗೆ ಬಂದಿದ್ದೇನೆ. ಬಾಗಿಲಿಂದ ಹಜಾರ, ಹಜಾರದಿಂದ ಅಡುಗೆಮನೆ, ಬಚ್ಚಲು, ಇನ್ನೂ ಎಲ್ಲ ಬಾಕಿ. ಕೂತರೆ ಏಳೋಕಾಗಲ್ಲ, ಎದ್ದರೆ ಕೂರೋಕಾಗಲ್ಲ. ಅಂಗೈ ಬೊಬ್ಬೆ ಬಂದಿದೆ. ಒಂದು ಕಾಲದಲ್ಲಿ ಈ ಕೈಗೆ ಬೊಬ್ಬೆ ಅಂದರೆ ಗೊತ್ತಿರಲಿಲ್ಲ.

ಮೇ 2

ತಿಲಕಸಿರಿಗೆ ಫೋನು ಮಾಡಿದೆ. ನಂಬರು ಈ ಡೈರಿಯ ರಟ್ಟಿನ ಮೇಲೇ ಇದೆ, ಹುಡುಕಬೇಕಾಗಲಿಲ್ಲ. ಟೈಲ್ಸ್ ಬೇಡ, ಕೈ ಬೇಕು ಅಂದೆ.

ಬಂದ. ಕಿತ್ತ ನೆಲ ನೋಡಿ ಬಾಗಿಲಲ್ಲೇ ನಿಂತುಬಿಟ್ಟ. ಈ ಸಲ ನಗಲಿಲ್ಲ. "ಬಾಸುನ್ನೆಹೇ, ಈ ನೆಲಾನಾ?" ಅಂದ. ಅವನ ಕಣ್ಣಲ್ಲಿ ನೀರು ಬಂತು. ನನಗೆ ಸಿಟ್ಟು ಬಂತು. ಅಳೋದಾದರೆ ಅಂಗಳಕ್ಕೆ ಹೋಗಿ ಅಳು, ಇಲ್ಲಿ ಒದ್ದೆ ಮಾಡಬೇಡ ಅಂದೆ.

ಆಮೇಲೆ ಅಂಗಿ ಬಿಚ್ಚಿ ಕೂತ. "ಎಷ್ಟು ಆಳ?" "ಹೊಸ ಗಾರೆ ಎಷ್ಟು ದಪ್ಪವೋ ಅಷ್ಟು ಆಳ. ಕೆಂಪಿಗೂ ಇದಕ್ಕೂ ಒಂದೇ ಮಟ್ಟ ಇರಬೇಕು, ಅಂಚು ಏಳಬಾರದು. ಎದ್ದರೆ ಪಾದ ಮುಗ್ಗರಿಸುತ್ತೆ. ನಾವು ಪಾದ ಎಳೀತೀವಿ, ಎತ್ತಲ್ಲ." ಯಾರ ಮಾತೋ ಇದು ಅನ್ನಿಸಿತು. ಎಲ್ಲಿ ಕೇಳಿದ್ದೆನೋ ನೆನಪಿಲ್ಲ.

ಮೇ 5

ಇವತ್ತು ಗಾರೆ ಹಾಕಿದೆವು. ಬರೀ ಸಿಮೆಂಟು, ದಪ್ಪ ಮರಳು. ಕೆಂಪು ಪುಡಿ ಇಲ್ಲ. ತಿಲಕಸಿರಿ ಅಭ್ಯಾಸಬಲದಿಂದ ಉಕ್ಕಿನ ಕರಣೆಗೆ ಕೈ ಹಾಕಿದ. ಕೈ ಮೇಲೆ ಹೊಡೆದೆ. "ಮರದ ಹಲಗೆ ತಗೋ."

"ಮರದ ಹಲಗೆ ಮೋರಿಗೆ, ಕಕ್ಕಸಿಗೆ ಅಂತ ಹೇಳ್ಕೊಟ್ಟಿದ್ದು ನೀವೇ" ಅಂದ.

"ಈಗ ಬೇರೆ ಹೇಳ್ತಿದೀನಿ. ಉಜ್ಜು."

ಮರದ ಹಲಗೆಯಲ್ಲಿ ಉಜ್ಜಿದರೆ ಮೈ ತರಿತರಿಯಾಗಿ ನಿಲ್ಲುತ್ತೆ, ಹೊಳಪು ಬರೋದೇ ಇಲ್ಲ. ಬೀದಿಯ ಕಾಲುದಾರಿ ಇರುವ ಹಾಗೆ. ಹಾಗೆ ಬಿಟ್ಟವರನ್ನು ನಾನು ಹಾಳು ಕೆಲಸಗಾರ ಅಂತ ಬೈದು ಕೂಲಿ ಹಿಡಿದದ್ದಿದೆ. ಮಂಚದಿಂದ ಬಾಗಿಲಿಗೆ, ಹಜಾರದ ನಡುವೆ, ಅಡುಗೆಮನೆಗೆ, ಬಚ್ಚಲಿಗೆ. ಕೆಂಪಿನ ಮಧ್ಯೆ ಬೂದು ಬಣ್ಣದ ಪಟ್ಟೆ. ಇಡೀ ವೆಲಿಗಾಮದಲ್ಲಿ ಇಷ್ಟು ಕುರೂಪದ ನೆಲ ಇನ್ನೊಂದಿಲ್ಲ.

ಉಳಿದ ಕೆಂಪಿಗೆ ಸೀಮೆಎಣ್ಣೆ ಹಾಕಿ ಮೇಣ ತೆಗೆಸಿದೆ. ಪಾಲಿಶ್ ಡಬ್ಬವನ್ನು ತಿಲಕಸಿರಿ ಕೈಗೆ ಕೊಟ್ಟು ಎಲ್ಲಾದರೂ ಎಸಿ ಅಂದೆ. ಅವನು ಕಾರಿನಲ್ಲಿ ಇಟ್ಟುಕೊಂಡ. ಹೋಗುವಾಗ ನನ್ನ ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸಿದ. ಮೈ ಇಷ್ಟು ಹಗುರ ಆಗಿದೆಯಾ ಬಾಸುನ್ನೆಹೆ ಅಂತ ಕೇಳಿದ. ಸಿಮೆಂಟು ಚೀಲ ಹೊತ್ತವನಿಗೆ ಎಲ್ಲ ಹಗುರವೇ.

ಮೇ 9

ಹೊಸ ಗಾರೆಗೆ ನೀರು ಕಟ್ಟಿದ್ದೇನೆ. ಇನೋಕಾ ಬಟ್ಟೆಗೆ ಬಂದವಳು ನೋಡಿದಳು. ಹೋಗುವಾಗ ನನಗೆ ಅನ್ನ ಬಡಿಸಿ, ಎದುರಿಗೆ ಕೂತು, ಉಣ್ಣುವ ತನಕ ಇದ್ದಳು. ಬಾಡಿಗೆ ಮನೆಯ ಮಾತು ತೆಗೆಯಲಿಲ್ಲ.

ಮೇ 13

ರೋಸಲಿನ್ ಬಂದಳು.

ಇಳಿಸಿಕೊಳ್ಳೋಕೆ ತಿಲಕಸಿರಿ ಇದ್ದ, ಇನೋಕಾ ಇದ್ದಳು. ನಾನು ಹಜಾರದಲ್ಲಿ ನಿಂತಿದ್ದೆ. ಅರ್ಧ ಆಗಿದ್ದಾಳೆ. ಮುರಿದ ಕಡೆಯ ಕಾಲು ಒಂದಿಷ್ಟು ಗಿಡ್ಡ, ಹಾಗೇ ಇರುತ್ತಂತೆ. ಆಸ್ಪತ್ರೆಗೆ ಅಷ್ಟು ಸಲ ಹೋದರೂ ನನ್ನ ಜೊತೆ ಒಂದು ಮಾತು ಆಡಿರಲಿಲ್ಲ. ಇವತ್ತೂ ಆಡಲ್ಲ ಅಂದುಕೊಂಡೆ.

ಹೊಸಿಲಲ್ಲಿ ವಾಕರ್ ಹಿಡಿದು ನಿಂತಳು. ಕೆಂಪು ನೋಡಿದಳು, ಬೂದು ನೋಡಿದಳು. ಬೂದು ಪಟ್ಟೆ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಕಣ್ಣಲ್ಲೇ ಹಿಂಬಾಲಿಸಿ ಬಚ್ಚಲ ಬಾಗಿಲಿನವರೆಗೆ ಹೋಗಿ ವಾಪಸ್ ಬಂದಳು. ಚಪ್ಪಲಿಯಿಂದ ಒಂದು ಕಾಲು ಹೊರಗೆ ತೆಗೆದು, ಹೆಬ್ಬೆರಳಿಂದ ತರಿಯನ್ನು ಉಜ್ಜಿ ನೋಡಿದಳು.

"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲು ಅಂತಿದ್ರಿ" ಅಂದಳು. "ಈಗ ನೀವೇ ಡೊಂಕು ಮಾಡಿಟ್ಟಿದೀರಿ."

"ಡೊಂಕೆಲ್ಲಿದೆ? ರಸಮಟ್ಟ ಇಟ್ಟು ನೋಡಿದೀನಿ. ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ."

"ಅಸಹ್ಯವಾಗಿದೆ."

"ಗೊತ್ತು."

ಇನೋಕಾ ತೋಳು ಹಿಡಿಯೋಕೆ ಬಂದಳು. ಬೇಡ ಅಂತ ತಲೆಯಾಡಿಸಿ ವಾಕರ್ ಎತ್ತಿ ಪಟ್ಟೆಯ ಮೇಲಿಟ್ಟಳು. ಕಚ್ಚಿ ಹಿಡಿಯಿತು, ಅಲ್ಲಾಡಲಿಲ್ಲ. ನಾನು ಪಟ್ಟೆ ಬಿಟ್ಟು ಪಕ್ಕದ ಕೆಂಪಿನ ಮೇಲೆ ಅವಳ ಜೊತೆಗೆ ಹೆಜ್ಜೆ ಹಾಕೋಕೆ ಹೋದೆ. ಬಿದ್ದರೆ ಹಿಡಿಯೋಣ ಅಂತ.

ನಿಂತಳು.

"ಅಲ್ಲಿ ಬೇಡ. ಇದರ ಮೇಲೆ ಬನ್ನಿ, ಮುಂದೆ ನಡೀರಿ" ಅಂದಳು. "ನನ್ನ ಕಣ್ಣಿಗೆ ಕಾಣೋ ಹಾಗೆ. ಬೀಳೋದಾದ್ರೆ ಈ ಸಲ ಆಚೆ ಕಡೆ ಬೀಳಿ. ನನಗೆ ಸೊಂಟದ ಇನ್ನೊಂದೇ ಪಕ್ಕ ಉಳಿದಿರೋದು."

ತಿಲಕಸಿರಿ ಬಾಯಿಗೆ ಕೈ ಇಟ್ಟುಕೊಂಡ. ಇವಳು ನಗಲಿಲ್ಲ, ನಗಿಸೋಕೆ ಹೇಳಿದ್ದೂ ಅಲ್ಲ.

ಛತ್ರಿ ಎಲ್ಲಿಟ್ಟಿದ್ದೆನೋ ಸಿಗಲಿಲ್ಲ. ಬಾಗಿಲ ಹಿಂದಿನ ಊರುಗೋಲು ತೆಗೆದುಕೊಂಡು ಪಟ್ಟೆಯ ಮೇಲೆ ಬಂದು ಮುಂದೆ ನಡೆದೆ. ಹಿಂದಿನಿಂದ ವಾಕರಿನ ಸದ್ದು ಬರುತ್ತಿತ್ತು. ನಾನು ನಿಂತಾಗಲೆಲ್ಲ ಅದೂ ನಿಲ್ಲುತ್ತಿತ್ತು.